ಒದ್ದೆ ವಿಭೂತಿ, ಸತ್ತ ಚರ್ಮ

ನೀರೂ ಉರಿಯುತ್ತದಲ್ಲ, ಬರೀ ನೀರು, ಸೋಪಿಲ್ಲ, ಫೇಸ್‌ವಾಶ್ ಇಲ್ಲ, ನಲ್ಲಿಯ ತಣ್ಣೀರು ತಾಕಿದರೆ ಸಾಕು ಹಣೆಗೆ ಹಸಿಮೆಣಸಿನಕಾಯಿ ತಿಕ್ಕಿದ ಹಾಗೆ — ರೂಪಶ್ರೀ ಕಣ್ಣು ಮುಚ್ಚಿ ಬೇಸಿನ್ ಹಿಡಿದು ನಿಂತಳು, ಟವೆಲ್ಲಿನಲ್ಲಿ ಒರೆಸಬಾರದು, ಮೆಲ್ಲಗೆ ಒತ್ತಬೇಕು, ಉಜ್ಜಿದ್ದು ಸಾಕು ಕಣಮ್ಮಾ ಅಂದಿದ್ದರು ಚರ್ಮದ ಡಾಕ್ಟರು, ಒತ್ತಿದಳು, ಕನ್ನಡಿ ನೋಡಿದಳು, ಕೆನ್ನೆ ಗಲ್ಲ ಎಲ್ಲ ಪರವಾಗಿಲ್ಲ, ಹಣೆ ಮಾತ್ರ ಬೇಯಿಸಿ ಸುಲಿದ ಬೀಟ್‌ರೂಟಿನ ಬಣ್ಣ, ಈ ಹಣೆ ಹೊತ್ತುಕೊಂಡು ಇವತ್ತು ಕುಣಿಗಲ್ಲಿಗೆ ಹೋಗಬೇಕು, ವರಸೆಯಲ್ಲಿ ನಾದಿನಿಯಾಗಬೇಕಾದ ಬಿಂದುಶ್ರೀಯ ನಿಶ್ಚಿತಾರ್ಥ, ಅಲ್ಲಿ ದೊಡ್ಡತ್ತೆ ಇರುತ್ತಾರೆ, ಅತ್ತೆಯ ಅಕ್ಕ, ಬಂದವರ ಹಣೆ ನೋಡಿಯೇ ಕ್ಷೇಮ ಕೇಳುವ ಹೆಂಗಸು, ಏನೇ ಬಸವಲಿಂಗಿ, ನಿನ್ ಸೊಸೆ ಹಣೆ ಯಾಕೆ ಹಂಗೆ ಬಯಲು ಬಿದ್ದದೆ, ಅಂದೇ ಅನ್ನುತ್ತಾರೆ, ಎಲ್ಲರೆದುರಿಗೆ. ಆದರೆ ದೊಡ್ಡತ್ತೆ ಅಂದರೆ ಅನ್ನಲಿ, ಅದಲ್ಲ, ಅತ್ತೆ ಏನೂ ಅನ್ನದೇ ಇದ್ದಾರಲ್ಲ, ಅದು. ಹದಿನೈದು ದಿನದಿಂದ ಅತ್ತೆ ಅವಳನ್ನು ದೇವರ ಕೋಣೆಗೆ ಕರೆದಿಲ್ಲ. ಮದುವೆಯಾಗಿ ಈ ಶೆಟ್ಟಿಹಳ್ಳಿಯ ಮನೆಗೆ ಬಂದ ದಿನದಿಂದ ಬಸವಲಿಂಗಮ್ಮ ತಾವೇ ಕರೆದು ವಿಭೂತಿ ಇಟ್ಟೇ ಹೊರಗೆ ಕಳಿಸುತ್ತಿದ್ದರು, ಮಾವ ಚನ್ನವೀರಯ್ಯನವರಿಗೂ, ಗಂಡ ರೇಣುಕಾಪ್ರಸಾದನಿಗೂ, ಅವಳಿಗೂ, ಬೆಳ್ಳಾವಿಯ ತವರಲ್ಲಿ ಒಂದು ಬೊಟ್ಟು ತಾಕಿಸಿಕೊಂಡರೆ ಮುಗಿಯಿತು, ಇಲ್ಲಿ ಹಾಗಲ್ಲ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇದು ಆ ಹುಬ್ಬಿನಿಂದ ಈ ಹುಬ್ಬಿನವರೆಗೆ ಮೂರು ದಪ್ಪ ಗೆರೆ, ಒಣಗಿದರೆ ಸುಣ್ಣ ಬಳಿದ ಗೋಡೆ, ಹಣೆ ಬಿಗಿಯುತ್ತದೆ, ಮೊದಮೊದಲು ಆ ಬಿಗಿತವೇ ಚೆನ್ನಾಗಿತ್ತು, ಯಾರೋ ತಲೆ ಹಿಡಿದು ಹೋಗಿ ಬಾ ಅಂದ ಹಾಗೆ.

ಆಮೇಲೆ ಹಣೆ ಒರಟಾಯಿತು, ಬೆರಳಾಡಿಸಿದರೆ ಪುಡಿಪುಡಿ, ಗುಬ್ಬಿಯ ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನ ಹರ್ಷಿತಾ, ಅಯ್ಯೋ ಮೇಡಂ ಅದು ಡೆಡ್ ಸ್ಕಿನ್, ಎಕ್ಸ್‌ಫೋಲಿಯೇಟ್ ಮಾಡ್ಬೇಕು, ಅಂದ್ರೆ ಉದುರಿಸ್ಬೇಕು, ಸ್ಕ್ರಬ್ ತಗೊಳ್ಳಿ, ಇಲ್ಲಾಂದ್ರೆ ಆಸಿಡ್ ಇರೋ ಟೋನರ್ ಬರುತ್ತೆ, ಇಲ್ಲಾಂದ್ರೆ ಅಂದಿದ್ದಳು ಪಾಪ, ಎರಡೂ ಅಂದಿರಲಿಲ್ಲ, ರೂಪಶ್ರೀಯೇ ಎರಡೂ ತರಿಸಿದಳು, ಒಂದು ಕಾಫಿಪುಡಿ ಕಲಸಿದ ಹಾಗೆ ತರಿತರಿ, ಇನ್ನೊಂದು ನೀರಿನ ಹಾಗೆ ತಿಳಿ, ಹತ್ತಿಯಲ್ಲಿ ಹಚ್ಚಿದರೆ ಚುರ್ರ್, ಚುರ್ರ್ ಅಂದರೆ ಕೆಲಸ ಮಾಡ್ತಿದೆ ಅಂತ ಯಾವಳೋ ವೀಡಿಯೋದಲ್ಲಿ ಹೇಳಿದ್ದಳು, ಮೊದಲ ದಿನ ಉಜ್ಜಿದಾಗ ಬೆಳ್ಳಗೆ ಸಣ್ಣ ಸಣ್ಣ ಎಳೆ ಉರುಳಿ ಬಂದವು, ಎಷ್ಟು ಖುಷಿ, ಎಷ್ಟು ಸತ್ತ ಚರ್ಮ ಇತ್ತಪ್ಪಾ ನನ್ನ ಮೇಲೆ! ಮಾರನೇ ದಿನ ಉಜ್ಜಿದರೂ ಬೆಳ್ಳಗೆ, ಅದರ ಮಾರನೇ ದಿನವೂ, ಮುಗಿಯುತ್ತಲೇ ಇಲ್ಲವಲ್ಲ ಅಂತ ಇನ್ನೂ ಜೋರಾಗಿ — ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, ಮನೇಲಿ ವಿಭೂತಿ ಇಡ್ತಾರೇನಮ್ಮಾ ಅಂತ ಕೇಳಿದಾಗ ಹೂಂ ಅಂದವಳಿಗೆ ಹೊಳೆದದ್ದು ಆಗ, ಡಾಕ್ಟರೂ ಅದನ್ನೇ ಅಂದರು, ನೀನು ದಿನಾ ತೆಗೀತಿದ್ದದ್ದು ಚರ್ಮ ಅಲ್ಲ, ವಿಭೂತೀನ, ಅದು ಮುಗಿದ ಮೇಲೆ ಚರ್ಮ, ಅದೂ ಸತ್ತಿದ್ದಲ್ಲ ಬದುಕಿದ್ದದ್ದು, ಒಂದು ಸಾಕಿತ್ತು ಕಣಮ್ಮಾ, ವಾರಕ್ಕೆ ಒಂದೆರಡು ಸಲ, ಈಗ ಎರಡೂ ಬಿಡು, ಮಾಯಿಶ್ಚರೈಸರ್ ಹಚ್ಚು, ಬಿಸಿಲಿಗೆ ಸನ್‌ಸ್ಕ್ರೀನ್, ಹಣೆಗೆ ಬೇರೇನೂ ಬೇಡ, ವಾಸಿಯಾಗೋವರೆಗೆ ವಿಭೂತೀನೂ ಬೇಡ. ಬೇಡ ಅಂತ ಹೇಗೆ ಹೇಳುವುದು ಅತ್ತೆಗೆ, ನಿಮ್ಮ ವಿಭೂತಿ ಉರಿಯುತ್ತೆ ಅಂತಲೇ, ಉರಿಸಿಕೊಂಡವಳು ತಾನು, ಕೆಟ್ಟ ಹೆಸರು ವಿಭೂತಿಗೆ, ಅದಕ್ಕೇ ಒಂದಷ್ಟು ದಿನ ಹಲ್ಲು ಕಚ್ಚಿ ಇಡಿಸಿಕೊಂಡು ಗುಬ್ಬಿ ಬಸ್ಸಿನಲ್ಲಿ ಒದ್ದೆ ಕರ್ಚೀಫಿನಿಂದ ತೆಗೆದಳು, ತೆಗೆಯುವಾಗ ಹಿಂದಿನ ಸೀಟಿನಲ್ಲಿ ಇದೇ ಬೀದಿಯ ಮಹಾಲಿಂಗಯ್ಯ, ನಮಸ್ಕಾರ ಕಣಮ್ಮ ಅಂದರು, ಅಷ್ಟೇ, ಸುದ್ದಿ ಮನೆಗೆ ಮುಟ್ಟಿಸಿದರೇನೋ, ಅವತ್ತಿನಿಂದ ಅತ್ತೆ ಕರೆಯುವುದನ್ನು ನಿಲ್ಲಿಸಿದರು.

ರೂಪಾ, ಕಾರು ಬಂತು, ಬಾ ಇಲ್ಲಿ — ದೇವರ ಕೋಣೆಯಿಂದ, ಅತ್ತೆಯ ದನಿ, ಕರೆದರು, ಕಾಲು ಹೋಗುತ್ತಿದೆ, ಇವತ್ತು ಇಡಿಸಿಕೊಂಡುಬಿಡುವುದೇ, ಉರಿದರೆ ಉರಿಯಲಿ, ಕುಣಿಗಲ್ಲಿನವರೆಗೆ ಒಂದು ಗಂಟೆ, ಕುಂತಳು, ಕಣ್ಣು ಮುಚ್ಚಿದಳು, ತಟ್ಟೆಯಲ್ಲಿ ತೇಯುವ ಸದ್ದು, ಬಳೆ ಸದ್ದು, ಮುಖದ ಹತ್ತಿರ ಬಂದ ತಂಪು, ಕುತ್ತಿಗೆ ತಾನೇ ಹಿಂದಕ್ಕೆ ಹೋಯಿತು, ಕಣ್ಣು ಬಿಟ್ಟರೆ ಮೂರು ಬೆರಳು ಗಾಳಿಯಲ್ಲಿ ನಿಂತಿವೆ. ನಾಚ್ಕೆ ಆಗ್ತದೇನವ್ವಾ, ನಮ್ ಮನೆ ವಿಭೂತಿ ಅಂದ್ರೆ? ಇಲ್ಲ ಅತ್ತೆ, ಉರಿ, ಅಷ್ಟೇ ಬಂತು ಬಾಯಿಗೆ, ಆಮೇಲೆ ಎಲ್ಲ ಬಂತು, ಸ್ಕ್ರಬ್ಬು, ಆಸಿಡ್ಡು, ಡಾಕ್ಟರು, ಉರುಳಿ ಬಂದ ಬೆಳ್ಳನೆ ಎಳೆ, ಅತ್ತೆ ಎಡಗೈಯಲ್ಲಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು, ಅಯ್ಯೋ ಶಿವ್ನೇ, ಸುಟ್ಕೊಂಡಿದೀಯಲ್ಲೇ, ಆಸಿಡ್ ಹಾಕಿ ತೊಳೆಯಕ್ಕೆ ಅದೇನು ಬಚ್ಚಲ ಕಲ್ಲಾ, ನಕ್ಕರು, ನಗುತ್ತಲೇ ಕಣ್ಣು ಒದ್ದೆ, ನಾನು ಇಡೋದು ನೀನು ಕೆರೆಯೋದು, ನೋಡ್ರೀ ಇಲ್ಲಿ, ನಿಮ್ ಸೊಸೆ ನನ್ ವಿಭೂತೀನ ಸತ್ತ ಚರ್ಮ ಅಂದವ್ಳೆ! ಹೊರಗಿಂದ ಮಾವ, ಬುಡು ಬುಡು, ಮೊದ್ಲು ಕಾರು ಹತ್ತಿ. ಅತ್ತೆ ಅವಳ ಕಡೆಗೇ ತಿರುಗಿ, ಹೇಳ್ಬಾರ್ದಾ ಮಗಾ, ಹದಿನೈದು ದಿನದಿಂದ ಊಟ ಸೇರಿಲ್ಲ ನಂಗೆ — ಊಟ, ಹೌದು, ಅತ್ತೆ ತಟ್ಟೆಯಲ್ಲಿ ಮುದ್ದೆ ಅರ್ಧಕ್ಕೇ ಬಿಡುತ್ತಿದ್ದರು, ನೋಡಿದ್ದಳು, ಕೇಳಿರಲಿಲ್ಲ — ನಮ್ಮಕ್ಕಂಗೆ ನಾನು ಹೇಳ್ತೀನಿ, ಶಿವ ಏನು ಹಣೇಲಿ ಮಾತ್ರ ಇರ್ತಾನಾ, ಕತ್ತು ಎತ್ತು, ಎತ್ತಿದಳು, ಗಂಟಲಿಗೆ ಮೂರು ಗೆರೆ, ತಣ್ಣಗೆ, ತೋಳು ತೋರ್ಸು, ತೋರಿಸಿದಳು, ರೇಷ್ಮೆ ರವಿಕೆಯ ಕೈಯಂಚು ಸರಿಸಿ ಅಲ್ಲಿಗೊಮ್ಮೆ, ಇನ್ನೊಂದು ತೋಳಿಗೊಮ್ಮೆ, ಉರಿಯಲಿಲ್ಲ, ಎಲ್ಲೂ ಉರಿಯಲಿಲ್ಲ, ಕಾರಿನ ಹಾರನ್ನು, ಬಿಂದುಶ್ರೀಗೆ ಕೊಡುವ ಸೀರೆ, ಬೀಗ, ಹೂವು ಮರೆತರೇನೋ, ಇಲ್ಲ ಅದೆಲ್ಲ ಆಮೇಲೆ, ಅತ್ತೆಯ ಕೈ ಅಭ್ಯಾಸಕ್ಕೆ ಮತ್ತೆ ಮೇಲೆ ಬಂತು, ಹಣೆಯ ತನಕ ಬಂತು, ನೆನಪಾಗಿ ನಿಂತಿತು, ಮೂರು ಬೆರಳು, ಒದ್ದೆ, ಬೆಳ್ಳಗೆ, ಮುಟ್ಟದೆ, ಸುಮ್ಮನೆ ಗಾಳಿಯಲ್ಲಿ, ಹಣೆಯ ಮುಂದೆ, ಮೂರು ಬೆರಳು —