ಮ್ತಾನಿ ಹಿಡಿಯಬೇಕಾದ ಗುದ್ದಲಿ

ಚೀನಾದವರ ಗೋರಿಗಳಿಗೆ ಗೋಡೆಯಿದೆ, ಗೇಟಿದೆ, ಹೂಗಿಡಕ್ಕೆ ನೀರುಣಿಸಲು ಆಳಿದ್ದಾನೆ. ಇರಬೇಕಾದದ್ದೇ. ನಮಗೆ ರೈಲುದಾರಿ ಕಟ್ಟಿಕೊಡಲು ಬಂದು ಇಲ್ಲೇ ಸತ್ತವರು ಅವರು. ನನ್ನ ಸಿಟ್ಟು ಅದರ ಮೇಲಲ್ಲ. ಅದೇ ಸುರಂಗದಲ್ಲಿ ಬಂಡೆ ಕುಸಿದು ಸತ್ತ ನಮ್ಮವರು ಸುರಂಗದ ಬಾಯಿಯ ಪಕ್ಕ ಹುಲ್ಲಿನಡಿ ಮಲಗಿದ್ದಾರೆ. ಹಳಿ ದುರಸ್ತಿಗೆ ಈಗ ಮತ್ತೆ ಚೀನಾದ ನೆರವು ಬಂದಿದೆ. ನೋಡಲು ಅತಿಥಿಗಳು ಬರುತ್ತಾರೆ. ಅವರ ಕಾರು ನಿಲ್ಲಿಸಲು ಆ ಜಾಗವನ್ನೇ ಸಮ ಮಾಡಬೇಕಂತೆ!

"ಮುದುಕಿ ಅಡ್ಡ ಕೂತಿದಾಳೆ. ನಿಮ್ಮ ಹೆಹೆ ಜನರ ಭಾಷೇಲಿ ನೀನೇ ಹೇಳಿ ಎಬ್ಬಿಸು," ಎಂದು ಕಾಮಗಾರಿಯ ಅಧಿಕಾರಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ ನನ್ನನ್ನು ಕಿಟಕಿಯಿಂದ ಎಬ್ಬಿಸಿ ಕರೆದುಕೊಂಡು ಹೋದರು. ಹೇಳುವುದು ತಪ್ಪೆಂದು ಗೊತ್ತಿತ್ತು. ಹೇಳದಿದ್ದರೆ ಕೆಲಸ ಹೋದೀತೆಂಬ ಭಯವೂ ಇತ್ತು.

ಸ್ಕೊಲಾಸ್ಟಿಕಾ ಅಜ್ಜಿ ತನ್ನ ಗಂಡ ಲುಸಿಯಾನೊನ ಗೋರಿಯ ಪಕ್ಕ ಕಾಲು ಚಾಚಿ ಕೂತಿದ್ದಳು. ಎದುರಿಗೆ ಬುಲ್ಡೋಜರ್ ಗುರುಗುಡುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಧಿಕಾರಿ ಬಗ್ಗಿ, ನಮಗೆಲ್ಲ ಬರುವ ಭಾಷೆಯಲ್ಲೇ, "ಕಾಲಿಗೆ ಬಿದ್ದೆ ಅಜ್ಜಿ. ನಾನು ಗಾಮಾ ಅಂತ," ಎಂದರು.

ಅಜ್ಜಿ ತಲೆಯೆತ್ತಿದಳು. "ಗಾಮಾ? ಸೊಂಗೆಯಾ ಕಡೆಯೋನಾ?"

"ಅಪ್ಪನ ಊರು ಅದೇ."

"ಅಯ್ಯೋ ಕಳ್ಳ ಅಂಗೋನಿ! ಈಗ ಬಂದ್ಯಾ? ನೋಡೋ ಲುಸಿಯಾನೊ, ನಿನ್ನ ಮ್ತಾನಿ ಬೂಟು ಹಾಕ್ಕೊಂಡು ಬಂದವ್ನೆ!"

ಬುಲ್ಡೋಜರ್ ಮೇಲಿದ್ದ ಎಲಿಯುಡಿ ಕಿಸಕ್ಕನೆ ನಕ್ಕು ಎಂಜಿನ್ ಆರಿಸಿದ. ಗಾಮಾ ಎಂಬುದು ಅಂಗೋನಿ ಜನದ ಹೆಸರು. ನಮ್ಮ ಹೆಹೆ ಜನಕ್ಕೂ ಅವರಿಗೂ ಹಿಂದೆ ಯುದ್ಧಗಳಾಗಿದ್ದವು. ಈಗ ನಾವು ಒಬ್ಬರಿಗೊಬ್ಬರು ಮ್ತಾನಿಗಳು: ಎಷ್ಟು ಬೈದರೂ ಕೋಪಿಸಿಕೊಳ್ಳುವಂತಿಲ್ಲ, ಒಬ್ಬರು ಸತ್ತರೆ ಇನ್ನೊಬ್ಬರು ಹೆಣವನ್ನು ಹಂಗಿಸುತ್ತಲೇ ಗುಂಡಿ ತೋಡಬೇಕು.

ಅಜ್ಜಿ ಗುದ್ದಲಿ ಮುಂದೆ ಚಾಚಿದಳು. "ಗೋರಿ ಎತ್ತಬೇಕಾ? ಎತ್ತು. ಆದ್ರೆ ಯಂತ್ರ ಅಲ್ಲ, ನೀನು. ಒಂದೊಂದು ಮೂಳೆನೂ ಕೈಯಾರೆ ಎತ್ತಿ, ಬೈಕೊಂಡು, ಬೇರೆ ಕಡೆ ಮಲಗಿಸು."

"ನಾನು ದಾರ್‌ನಲ್ಲಿ ಹುಟ್ಟಿದ ಪಟ್ಟಣದೋನು ಅಜ್ಜಿ. ಇವೆಲ್ಲ ಹಳೇ ಕಾಲದ್ದು."

"ಹಳೇದಾ? ಇವನು ಸತ್ತ ದಿನ ರೈಲು ಕೆಲಸದ ಕ್ಯಾಂಪಲ್ಲಿ ಒಬ್ಬ ಅಂಗೋನಿನೂ ಇರ್ಲಿಲ್ಲ. ಮ್ತಾನಿ ಇಲ್ದೆ ಮಣ್ಣು ಮಾಡೋದೆಂಗೆ ಅಂತ ನಮ್ಮೋರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ಬಂಡೆಗೆ ಮದ್ದು ಇಡ್ತಿದ್ದ ಚೀನಾದ ಲಿಯಾಂಗ್ ಮೇಸ್ತ್ರಿ ಗುದ್ದಲಿ ಕಿತ್ಕೊಂಡ. ಬೈಬೇಕು ಅಂತ ಯಾರೋ ಹೇಳ್ಕೊಟ್ರು. ಅವನಿಗೆ ನಮ್ಮ ಮಾತಲ್ಲಿ ಬರ್ತಿದ್ದ ಬೈಗುಳ ಒಂದೇ: 'ಸೋಮಾರಿ, ಏಳೋ, ಕೆಲಸಕ್ಕೆ ಹೊತ್ತಾಯ್ತು.' ಅದನ್ನೇ ಹೇಳ್ತಾ ಅಗೆದ, ಅಳ್ತಾ ಅಗೆದ. ಸಮುದ್ರದಾಚೆಯೋನು ಮ್ತಾನಿ ಆದ! ನೀನು ಕಾರು ನಿಲ್ಸಕ್ಕೆ ಬಂದ್ಯಾ?"

ಗಾಮಾ ಮುಖ ತಿರುಗಿಸಿದರು. "ಎಲಿಯುಡಿ, ಸ್ಟಾರ್ಟ್ ಮಾಡು."

"ಮ್ತಾನಿ ಮೊದಲ ಗುದ್ದಲಿ ಹಾಕ್ದೆ ನಾನು ಮುಟ್ಟಲ್ಲ ಸಾಹೇಬ್ರೆ. ನಮ್ಮ ಬೇನಾ ಜನದಲ್ಲೂ ಹಿಂಗೇ."

"ನೀನಾದ್ರೂ ಹೇಳು ಇವಳಿಗೆ!" ಎಂದು ನನ್ನ ಮೇಲೆ ರೇಗಿದರು.

ನಾನು ಅಜ್ಜಿಯ ಪಕ್ಕಕ್ಕೆ ಸರಿದು ನಿಂತೆ. "ಅಜ್ಜಿಗೆ ನಿಮ್ಮ ಮಾತು ಅರ್ಥ ಆಗಿದೆ ಸಾಹೇಬ್ರೆ. ನಿಮಗೂ ಅವರದ್ದು ಅರ್ಥ ಆಗಿದೆ. ನಾನು ಯಾರಿಗೆ ಏನು ಹೇಳಲಿ?"

ಗಾಮಾ ಗುದ್ದಲಿ ಕಸಿದುಕೊಂಡು ಎತ್ತಿಯೇ ಬಿಟ್ಟರು. ಎತ್ತಿದ್ದು ಹಾಗೇ ನಿಂತಿತು.

"ಏನಂತ ಬೈಯ್ಲಿ?" ಎಂದರು, ಸಣ್ಣ ದನಿಯಲ್ಲಿ. "ಇವನು ಯಾರೋ ನನಗೆ ಗೊತ್ತೇ ಇಲ್ಲ."

"ಗೊತ್ತಿಲ್ದೋನ ಮೂಳೆ ಮೇಲೆ ಕಾರು ಹತ್ತಿಸ್ಬೋದಾ ಮತ್ತೆ?"

ಅವರು ಗುದ್ದಲಿ ಕೆಳಗಿಟ್ಟು ಬೂಟಿನ ಮಣ್ಣು ಕೊಡವಿದರು. "ಈ ಸಲಕ್ಕೆ ಕಾರುಗಳು ಕೆಳಗೇ ನಿಲ್ಲಲಿ," ಎಂದು ಜೀಪಿನ ಕಡೆ ನಡೆದರು.

ಈ ಸಲಕ್ಕೆ! ಸತ್ತವರಿಗೂ ಸಲದ ಲೆಕ್ಕ. ನನ್ನ ಮೈಯೆಲ್ಲ ಉರಿಯಿತು.

ಅಜ್ಜಿ ಮಾತ್ರ ಅವರ ಬೆನ್ನಿಗೇ ಕೂಗಿದಳು: "ಮುಂದಿನ ಸಲ ಬೈಗುಳ ಕಲ್ತ್ಕೊಂಡು ಬಾರೋ, ಕಳ್ಳ ಅಂಗೋನಿ! ನಾನು ಇಲ್ಲೇ ಇರ್ತೀನಿ."