ಒಳಗೆ ಎಷ್ಟು ಜನ?

ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಗಿಣಿ ಎಂದೇ ಕರೆಯುವ ಕಲಾವಿದರು ತಾವು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂದು ಯಾರ ಮುಲಾಜಿಗೂ ಬೀಳದೆ ಹೇಳಿದ್ದವರು. ಕನ್ನಡದಲ್ಲಿ ತಕರಾರಿರಲಿಲ್ಲ. ರೆಕಾರ್ಡಿಂಗಿಗೆ ಮುಂಚೆ ಮೈಕ್ ಪರೀಕ್ಷೆಗೆಂದು ಹೇಳುವ “ನಾನು ಮಾತಾಡ್ತಿದೀನಿ” ಎಂಬ ಮಾತು ಯಾರ ಬಾಯಲ್ಲೂ ಒಂದೇ. ಇವತ್ತು ಹಿಂದಿಗೆ ಡಬ್ಬಿಂಗ್, ಮೈಕ್ ಪರೀಕ್ಷೆಯೂ ಹಿಂದಿಯಲ್ಲೇ. ಅಲ್ಲಿ ಗಂಡಸಾದರೆ “ಬೋಲ್ ರಹಾ ಹೂಂ”, ಹೆಂಗಸಾದರೆ “ಬೋಲ್ ರಹೀ ಹೂಂ”.

“ರಹಾನೋ ರಹೀನೋ, ಯಾವುದೋ ಒಂದು ಒದರ್ರಿ!” ಗಾಜಿನಾಚೆಯಿಂದ ಸೌಂಡ್ ಇಂಜಿನಿಯರ್ ರೇಗಿದ.

ಗಿಣಿಗೆ ಮೈ ಉರಿಯಿತು. ನೂರಾರು ಪಾತ್ರಗಳಿಗೆ ಜೀವ ಕೊಟ್ಟ ಗಂಟಲು ತನ್ನದೊಂದು ಮಾತಿಗೆ ತಡವರಿಸಬೇಕೇ? ಆಗ ನೆನಪಾಗಿದ್ದು, ಎಲ್ಲರೂ ದೊಡ್ಡಮ್ಮ ಎನ್ನುವ ಹಿರಿಯ ನಟಿ ಫೋನಿನಲ್ಲಿ ಉತ್ತರ ಭಾರತದ ತವರಿನವರ ಜೊತೆ ಆಡುವ ಹಿಂದಿ.

“ಹಮ್ ಬೋಲ್ ರಹೇ ಹೈಂ!” ಗಿಣಿ ಎದೆ ತುಂಬಿ ಹೇಳಿದರು.

“ನಾವು ಅಂತೀರಲ್ಲ, ಒಳಗೆ ಎಷ್ಟು ಜನ ಇದೀರಿ?” ಇಂಜಿನಿಯರ್ ಅಣಕಿಸಿದ.

ಬೆಂಚಿನ ಮೇಲಿದ್ದ ದೊಡ್ಡಮ್ಮ ಧಡಕ್ಕನೆ ಎದ್ದರು. “ನಮ್ಮ ತವರಲ್ಲಿ ಗಂಡಸರಾಗ್ಲಿ ಹೆಂಗಸರಾಗ್ಲಿ, ಒಬ್ಬೊಬ್ಬರೇ ಇದ್ದಾಗ್ಲೂ ಹೀಗೇ ಮಾತಾಡೋದು ಕಣಯ್ಯ. ನಿನ್ನ ಮೀಟರಿನ ಮುಳ್ಳು ಅಲ್ಲಾಡ್ತೋ ಇಲ್ವೋ, ಅದನ್ನ ಬೊಗಳು!”

ಮುಳ್ಳು ಕುಣಿದಿತ್ತು. ಮುಂದಿನ ಸರದಿಯ ಖಳನಟನೂ ಮೀಸೆ ತಿರುವುತ್ತಾ ಅದನ್ನೇ ಹೇಳಿದ. ಅವನ ಹಿಂದೆ ಬಂದ ನಾಯಕಿಯೂ. ಸಂಜೆಯ ಹೊತ್ತಿಗೆ ಅದು ಸ್ಟುಡಿಯೋದ ರೂಢಿಯೇ ಆಗಿಹೋಗಿತ್ತು.

ಕೊನೆಗೆ ಇಂಜಿನಿಯರ್ ತನ್ನ ಮೈಕನ್ನೂ ಪರೀಕ್ಷಿಸಬೇಕಾಯಿತು. ದಿನವಿಡೀ ಕೇಳಿದ್ದೇ ಬಾಯಿಂದ ತಾನಾಗಿ ಹೊರಬಿತ್ತು: “ಹಮ್ ಬೋಲ್ ರಹೇ ಹೈಂ.”

ಗಿಣಿ ಮೈಕಿಗೆ ಬಗ್ಗಿ, ಅವನದೇ ದನಿಯಲ್ಲಿ, ಅವನದೇ ಗತ್ತಿನಲ್ಲಿ ಕೇಳಿದರು: “ಹೊರಗೆ ಎಷ್ಟು ಜನ ಇದೀರಿ?”