ಪಂಕಜಾ ಟೀಚರ ಸಿಗಡಿ ತೊಟ್ಟಿ

ನಾನೊಂದು ಗಾಜಿನ ತೊಟ್ಟಿ. ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗಾಜಿನ ಅಂಗಡಿಯಲ್ಲಿ ಹುಟ್ಟಿದೆ. ಕಿಟಕಿಗೆಂದು ತಂದಿದ್ದ ದೊಡ್ಡ ಹಲಗೆಯಲ್ಲಿ ಉಳಿದ ತುಂಡುಗಳನ್ನೇ ಅಳತೆಗೆ ಕತ್ತರಿಸಿ, ಅಂಚು ಉಜ್ಜಿ, ಮೂಲೆಗಳಿಗೆ ಅಂಟು ಹಾಕಿ ನನ್ನನ್ನು ನಿಲ್ಲಿಸಿದರು. ಅಂಟು ಒಣಗುವವರೆಗೆ ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದ್ದರು. ನನ್ನ ಜೀವನದ ಮೊದಲ ನೆನಪೇ ಆ ಬಿಗಿತ.

ಮೊದಲು ನಾನು ಹೋದದ್ದು ಬಸ್ ನಿಲ್ದಾಣದ ಹತ್ತಿರದ ಒಂದು ಲಾಡ್ಜಿಗೆ. ಬಂದವರು ಕೋಣೆಯ ಬೀಗದ ಕೈ ಕೊಟ್ಟುಹೋಗುವ ಟೇಬಲ್ಲಿನ ಪಕ್ಕ ನನ್ನನ್ನಿಟ್ಟು, ಚಿನ್ನದ ಬಣ್ಣದ ಮೀನು ಬಿಟ್ಟರು. ಊಟ ಹಾಕುವ ಕೆಲಸ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಮೀನುಗಳು ಒಂದೊಂದಾಗಿ ಹೋದವು. ನೀರು ಹಸಿರಾಯಿತು, ವಾಸನೆ ಬಂತು. ಕೊನೆಗೆ ಮ್ಯಾನೇಜರು ಮೂಗು ಮುಚ್ಚಿಕೊಂಡು ನನ್ನನ್ನು ಫಯಾಜ್ ಎಂಬವನ ಅಕ್ವೇರಿಯಂ ಅಂಗಡಿಗೆ ಸಾಗಹಾಕಿದ. ಫಯಾಜ್ ನನ್ನನ್ನು ತೊಳೆದು ಅಂಗಡಿಯ ಹೊರಗೆ ಬೋರಲು ಹಾಕಿದ. ಬಹಳ ಕಾಲ ನನ್ನ ಬೆನ್ನಿನ ಮೇಲೆ ಮೀನಿನ ಆಹಾರದ ಡಬ್ಬಗಳಿದ್ದವು.

ಅಲ್ಲಿಂದ ನನ್ನನ್ನು ಎತ್ತಿಕೊಂಡುಬಂದವರು ಪಂಕಜಾಕ್ಷಿ. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು ನಿವೃತ್ತರಾದವರು. ಬೀದಿಯವರೆಲ್ಲ ಪಂಕಜಾ ಟೀಚರ್ ಅಂತಲೇ ಕರೆಯುತ್ತಿದ್ದರು. ಮೈದಾನದ ಈ ತುದಿಯಿಂದ ಆ ತುದಿಗೆ ಕೂಗಿ ಕೂಗಿ ಗಂಟಲು ಹಾಗೇ ಗಟ್ಟಿಯಾಗಿಬಿಟ್ಟಿತ್ತು. ಅಡುಗೆಮನೆಯಲ್ಲಿ ಉಪ್ಪು ಕೇಳಿದರೂ ಓಟಕ್ಕೆ ನಿಂತವರು ಓಡಬೇಕು ಎನ್ನುವಂತೆ ಕೇಳುತ್ತಿತ್ತು. ಮನಸ್ಸು ಕೆಟ್ಟದ್ದಲ್ಲ. ಆದರೆ ಏನೇ ಆದರೂ ಈಗಲೇ ಆಗಬೇಕು.

ಸರಸ್ವತಿಪುರಂನ ಆ ಪುಟ್ಟ ಮನೆಯಲ್ಲಿ ಅವರ ಜೊತೆ ಇದ್ದವರು ತಂಗಿ ಹೇಮಾವತಿ. ಗಂಡ ತೀರಿಕೊಂಡ ಮೇಲೆ ಹೇಮಮ್ಮ ಅಕ್ಕನ ಮನೆಗೇ ಬಂದು ಸೇರಿಕೊಂಡಿದ್ದರು. ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದವರು ಕುಸಿದು ಬಿದ್ದರು. ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೇಳಲು ಮಾತ್ರ ನಾಲಗೆ ಹೊರಳುತ್ತಿರಲಿಲ್ಲ. ದಿನವಿಡೀ ಗೋಡೆ ನೋಡುತ್ತ ಕೂತಿರುತ್ತಿದ್ದರು.

"ಮನಸ್ಸು ಹಿಡಿದು ನಿಲ್ಲಿಸೋ ಅಂಥದ್ದು ಏನಾದ್ರೂ ಕಣ್ಣೆದುರಿಗಿರಲಿ ಟೀಚರ್" ಎಂದಿದ್ದರಂತೆ ಡಾಕ್ಟರು. ಟಿವಿ ಹಾಕಿದರೆ ಹೇಮಮ್ಮನಿಗೆ ತಲೆನೋವು. ಫಯಾಜನ ಅಂಗಡಿಯಲ್ಲಿ ಟೀಚರಿಗೆ ಕೆಂಪು ಸಿಗಡಿ ಕಣ್ಣಿಗೆ ಬಿತ್ತು. ಅಕ್ಕಿಕಾಳಿಗಿಂತ ತುಸು ದೊಡ್ಡವು, ಕುಂಕುಮದ ಬಣ್ಣ, ಸಿಹಿನೀರಿನಲ್ಲಿ ಬದುಕುವಂಥವು. ಇಡೀ ದಿನ ಮುಂಗಾಲಿನಿಂದ ಏನನ್ನೋ ಹೆಕ್ಕಿ ಹೆಕ್ಕಿ ಬಾಯಿಗಿಡುತ್ತವೆ. ಸೊಪ್ಪು ಬಿಡಿಸುವ ಹೆಂಗಸರ ಹಾಗೆ ಕಂಡವು ಟೀಚರಿಗೆ.

"ಇವತ್ತು ತೊಟ್ಟಿ ತಗೊಂಡು ಹೋಗಿ, ಸಿಗಡಿ ಆಮೇಲೆ" ಎಂದ ಫಯಾಜ್. "ಆಮೇಲೆ ಯಾಕೆ? ಈಗಲೇ ಕೊಡಪ್ಪ" ಎಂದರು ಟೀಚರ್.

ನನ್ನನ್ನು ಹಜಾರದ ಕಿಟಕಿಯ ಪಕ್ಕ ಒಂದು ಗಟ್ಟಿ ಮೇಜಿನ ಮೇಲಿಟ್ಟರು. ಕಪ್ಪು ಮರಳು ಹಾಕಿ, ನಲ್ಲಿ ನೀರು ತುಂಬಿ, ಸ್ಪಂಜ್ ಫಿಲ್ಟರು ಓಡಿಸಿ, ಒಂದು ಕಲ್ಲಿಗೆ ದಾರದಿಂದ ಪಾಚಿ ಕಟ್ಟಿ ಬಿಟ್ಟರು. ಸಂಜೆಯೊಳಗೆ ಸಿಗಡಿಗಳನ್ನು ಚೀಲದಿಂದ ಸುರಿದೇಬಿಟ್ಟರು. ಹೇಮಮ್ಮನ ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದು, "ನೋಡೇ ಹೇಮಾ, ನಿನಗೇ ಅಂತ ತಂದಿದೀನಿ" ಎಂದರು. ಹೇಮಮ್ಮನ ಕಣ್ಣು ಮೊದಲ ಸಲ ಗೋಡೆಯಿಂದ ಈಚೆ ತಿರುಗಿತು.

ವಾರ ಮುಗಿಯುವುದರೊಳಗೆ ಸಿಗಡಿಗಳೆಲ್ಲ ಬಣ್ಣ ಬಿಟ್ಟು ಮಗ್ಗುಲಾದವು. ನನ್ನೊಳಗಿನ ನೀರು ಹೊಸದು. ಕೊಳೆಯನ್ನು ಅರಗಿಸುವ ಕಣ್ಣಿಗೆ ಕಾಣದ ಜೀವಿಗಳು ಇನ್ನೂ ಹುಟ್ಟಿರಲಿಲ್ಲ. ಸಿಗಡಿಗಳದ್ದೇ ಹೊಲಸು ಅವುಗಳಿಗೇ ವಿಷವಾಯಿತು.

ಟೀಚರ್ ಫಯಾಜನ ಹತ್ತಿರ ಜಗಳಕ್ಕೇ ಹೋದರು. ಬರುವಾಗ ತಣ್ಣಗಾಗಿದ್ದರು. ತಂಗಿಯ ಪಕ್ಕ ಕೂತು ಹೇಳಿದರು: "ನೀರು ಹಣ್ಣಾಗಬೇಕಂತೆ ಕಣೆ. ತಿಂಗಳ ಮೇಲೆ ಆಗುತ್ತಂತೆ. ಅಲ್ಲೀವರೆಗೂ ಖಾಲಿ ತೊಟ್ಟೀನೇ ನೋಡ್ಕೊಂಡು ಕೂತಿರಬೇಕಂತೆ. ನನ್ನ ಕೈಲಾಗುತ್ತಾ?"

ಹೇಮಮ್ಮ ಎಡಗೈಯಿಂದ ಅಕ್ಕನ ಮೊಣಕೈ ಮುಟ್ಟಿ, ಆಗುತ್ತೆ ಎನ್ನುವಂತೆ ತಲೆಯಾಡಿಸಿದರು.

ಹಾಗೆ ಶುರುವಾಯಿತು ನನ್ನ ಬದುಕಿನ ಒಳ್ಳೆಯ ಕಾಲ. ಇಬ್ಬರೂ ಖಾಲಿ ನೀರನ್ನು ನೋಡುತ್ತ ಕೂತರು. ನೀರು ಮೊದಲು ಗಂಜಿಯಂತೆ ಮಸುಕಾಯಿತು, ಆಮೇಲೆ ತಿಳಿಯಾಯಿತು. ಗಾಜಿಗೆ ಕಂದು ಬಣ್ಣದ ಪೊರೆ ಹತ್ತಿತು. ಟೀಚರ್ ಅದನ್ನು ತೊಳೆಯಲು ನಾರು ಎತ್ತಿಕೊಂಡರೆ ಹೇಮಮ್ಮ "ಊಹೂಂ" ಎನ್ನುತ್ತಿದ್ದರು. ಸಿಗಡಿಗೆ ಅದೇ ಊಟ ಎಂದು ಫಯಾಜ್ ಹೇಳಿದ್ದನ್ನು ಅಕ್ಕನೇ ಬಂದು ತಿಳಿಸಿದ್ದು ಆಕೆಗೆ ನೆನಪಿತ್ತು. ಕಾಯುವ ಆ ದಿನಗಳಲ್ಲಿ ಟೀಚರ ಗಂಟಲು ಎಷ್ಟೋ ತಗ್ಗಿತು. ಚಿಕ್ಕಂದಿನ ಮಾತು, ಅಪ್ಪನ ಕೋಪ, ಕೂಡಿ ಕದ್ದು ತಿಂದ ಹುಣಸೆಹಣ್ಣು, ಎಲ್ಲ ಹೇಳುತ್ತ ಕೂರುತ್ತಿದ್ದರು. ಹೇಮಮ್ಮ ಅರ್ಧ ಬಾಯಲ್ಲಿ ನಗುತ್ತಿದ್ದರು.

ಎರಡನೇ ಸಲ ಸಿಗಡಿ ಬಂದಾಗ ಟೀಚರ್ ಅವಸರ ಮಾಡಲಿಲ್ಲ. ಸಪೂರ ಕೊಳವೆ ಹಾಕಿ, ನನ್ನ ನೀರನ್ನು ಹನಿಹನಿಯಾಗಿ ಆ ಸಿಗಡಿಗಳ ಪಾತ್ರೆಗೆ ಬಿಟ್ಟು, ಒಗ್ಗಿಸಿ, ಆಮೇಲೆ ಒಳಗೆ ಬಿಟ್ಟರು. ಈ ಸಲ ಅವು ಬದುಕಿದವು. ಒಂದು ದಿನ ತಳದಲ್ಲಿ ಬಿಳಿಚಿಕೊಂಡ ಮೈಯೊಂದು ಕಂಡು ಟೀಚರ್, "ಹೋಯ್ತು, ಮತ್ತೆ ಹೋಯ್ತು" ಎಂದು ಎದೆ ಹಿಡಿದುಕೊಂಡರು. ಹೇಮಮ್ಮ ಗಾಜಿಗೆ ಬೆರಳು ಒತ್ತಿ ತೋರಿಸಿದರು: ಪಕ್ಕದಲ್ಲೇ ಅದರ ಒಡತಿ ಹೊಸ ಮೈಯಲ್ಲಿ ಓಡಾಡುತ್ತಿತ್ತು. ಬಿದ್ದಿದ್ದದ್ದು ಕಳಚಿದ ಚಿಪ್ಪು. ಅಂದು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲೊಂದು ಮಧ್ಯಾಹ್ನ ಹೇಮಮ್ಮ ಇದ್ದಕ್ಕಿದ್ದಂತೆ, "ಮೊ... ಮೊಟ್ಟೆ" ಎಂದರು.

ಅಡುಗೆಮನೆಯಿಂದ ಟೀಚರ್ ಓಡಿಬಂದರು. ಒಂದು ಹೆಣ್ಣು ಸಿಗಡಿಯ ಹೊಟ್ಟೆಯಡಿ ಸಾಸಿವೆಯಂಥ ಮೊಟ್ಟೆಗಳ ಗೊಂಚಲು. ಟೀಚರ್ ಅದನ್ನು ನೋಡಲೇ ಇಲ್ಲ. ತಂಗಿಯ ಮುಖವನ್ನೇ ಹಿಡಿದುಕೊಂಡು, "ಇನ್ನೊಂದ್ಸಲ ಹೇಳೇ, ಇನ್ನೊಂದ್ಸಲ" ಎಂದು ಬೇಡಿದರು. ಆಮೇಲೆ ಮಾತುಗಳು ಒಂದೊಂದಾಗಿ ಬಂದವು. ಮರಿ. ನೀರು. ಸಾಕು. ಒಂದು ದಿನ "ಅಕ್ಕ" ಎಂಬುದೂ ಬಂತು.

ಬೇಸಿಗೆ ಬಂತು. ಬಿಸಿಲಿಗೆ ನನ್ನ ನೀರು ದಿನವೂ ಇಳಿಯುತ್ತಿತ್ತು. ಕ್ಲೋರಿನ್ ಹೋಗಲೆಂದು ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಮರುದಿನ ಹಾಕುವುದು ರೂಢಿ. ಆ ವರ್ಷ ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಕೆಟ್ಟು ಬರಿದಾದಾಗ ಟೀಚರ್ ಕುಡಿಯುವ ನೀರು ತುಂಬಿಟ್ಟಿದ್ದ ತಾಮ್ರದ ಕೊಡದಿಂದ ಚೊಂಬಿನಲ್ಲಿ ತಂದು ಸುರಿದರು. "ನಾವು ಕುಡಿಯೋ ನೀರು, ಮೈಗೂ ಒಳ್ಳೇದು" ಎಂದುಕೊಂಡರು. ಬೇಸಿಗೆಯುದ್ದಕ್ಕೂ ಆಗಾಗ ಹಾಗೇ ನಡೆಯಿತು. ಸುರಿದ ಸಲವೆಲ್ಲ ಸಿಗಡಿಗಳು ಹೆಕ್ಕುವುದನ್ನು ನಿಲ್ಲಿಸಿ, ಮೂಲೆಯಲ್ಲಿ ಸುಮ್ಮನೆ ನಿಲ್ಲುತ್ತಿದ್ದವು. ನನಗೆ ಕಾಣುತ್ತಿತ್ತು. ಹೇಳಲು ನನಗೆ ಬಾಯಿಲ್ಲ.

ಅದೇ ದಿನಗಳಲ್ಲಿ ಹೇಮಮ್ಮನ ಎಡಗೈಗೆ ಧೈರ್ಯ ಬಂದಿತ್ತು. ಒಂದು ಬೆಳಿಗ್ಗೆ ತಿಂಡಿಯ ತಟ್ಟೆಯಿಂದ ಇಡ್ಲಿಯ ಚೂರನ್ನು ಮುರಿದು, ಸಿಗಡಿಗಳಿಗೆಂದು ನನ್ನೊಳಗೆ ಹಾಕಿದರು. ತೀರ ಚಿಕ್ಕ ಚೂರು. ಅದರಿಂದ ಏನೂ ಆಗುತ್ತಿರಲಿಲ್ಲ.

ಆದರೆ ಮರುದಿನ ಟೀಚರ್ ಎದ್ದುಬಂದು ನೋಡಿದಾಗ ತಳದ ತುಂಬ ಕೆಂಪು ಮೈಗಳು ಮಗ್ಗುಲಾಗಿದ್ದವು. ಮೊಟ್ಟೆಯ ತಾಯಿಯೂ ಇತ್ತು. ಅವುಗಳ ನಡುವೆ ಒಂದು ಊದಿಕೊಂಡ ಇಡ್ಲಿ ಚೂರು.

"ಇಡ್ಲಿ ಹಾಕಿದ್ದು ನೀನೇನೆ?"

ಹೇಮಮ್ಮ ತಲೆಯಾಡಿಸಿದರು.

"ಮುಟ್ಟಬೇಡ ಅಂತ ಹೇಳಿರಲಿಲ್ವಾ? ನಾನು ತಿಂಗಳುಗಟ್ಟಲೆ ಕಾದು ಕಟ್ಟಿದ್ದನ್ನ ಒಂದು ದಿನದಲ್ಲಿ ಹಾಳು ಮಾಡಿದೆಯಲ್ಲೇ! ನಿನ್ನ ಕೈಲಿ ಬೇರೇನು ತಾನೆ ಆಗುತ್ತೆ?"

ಹಳೆಯ ಮೈದಾನದ ಗಂಟಲು ಅದು. ನನ್ನ ಗಾಜು ಸಣ್ಣಗೆ ಅದುರಿತು. ಆಡಿದ ಕ್ಷಣವೇ ಟೀಚರಿಗೆ ಕೊನೆಯ ಮಾತು ಅತಿಯಾಯಿತೆಂದು ತಿಳಿದಂತಿತ್ತು. ಆದರೂ ಬಲೆ ತರಲು ಒಳಗೆ ಹೋದರು. ಹೇಮಮ್ಮ ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. ಅಂದಿನಿಂದ ಮಾತು ಮತ್ತೆ "ಹೂಂ", "ಊಹೂಂ"ಗೆ ಬಂದು ನಿಂತಿತು.

ನಾಲ್ಕಾರು ದಿನಗಳಾದ ಮೇಲೆ ಟೀಚರ್ ಫಯಾಜನ ಅಂಗಡಿಗೆ ಹೋಗಿಬಂದರು. ಬಂದವರೇ ಅಡುಗೆಮನೆಗೆ ಹೋಗಿ, ತಾಮ್ರದ ಕೊಡವನ್ನು ಅಟ್ಟಕ್ಕೆ ಏರಿಸಿದರು. ಆಮೇಲೆ ನನ್ನ ಮುಂದೆ ಬಂದು ನಿಂತು, "ಥೂ, ಪಂಕಜಾ" ಎಂದು ತಮ್ಮನ್ನು ತಾವೇ ಬೈದುಕೊಂಡರು. ತಾಮ್ರ ಸಿಗಡಿಗೆ ವಿಷವೆಂದು ಫಯಾಜ್ ಹೇಳಿದ್ದ. ಮನುಷ್ಯರಿಗೆ ಲೆಕ್ಕಕ್ಕೇ ಬಾರದಷ್ಟು ತಾಮ್ರ ಅವಕ್ಕೆ ಸಾವು.

ತಂಗಿ ಆರು ಹೆಜ್ಜೆ ದೂರದಲ್ಲಿ ಕೂತಿದ್ದರು. ಅಲ್ಲಿಗೆ ಹೋಗಿ, ತಪ್ಪು ನನ್ನದು ಅಂದಿದ್ದರೆ ಮುಗಿಯುತ್ತಿತ್ತು. ಟೀಚರ್ ಎರಡು ಸಲ ಆ ಕಡೆ ಹೊರಟರು, ಎರಡು ಸಲವೂ ಔಷಧಿ ಕೊಟ್ಟು ಬಂದರು. ನನ್ನ ನೀರನ್ನು ಬದಲಿಸುತ್ತ ಅವರು ಗೊಣಗುವುದು ನನಗೆ ಕೇಳಿಸುತ್ತಿತ್ತು: "ತೊಟ್ಟಿ ಸರಿಯಾಗಲಿ. ಹೊಸ ಸಿಗಡಿ ತಂದು ಎದುರಿಗಿಟ್ಟೇ ಹೇಳ್ತೀನಿ. ಬರೀ ಕೈಲಿ ಹೋಗಿ ಏನು ಹೇಳಲಿ?" ಕಾಯುವುದನ್ನು ಹೊಸದಾಗಿ ಕಲಿತಿದ್ದರಲ್ಲ, ಇದಕ್ಕೂ ಕಾದರು.

ಖಾಲಿ ತೊಟ್ಟಿ ನೋಡಲು ಟೀಚರಿಗೆ ಮನಸ್ಸಾಗುತ್ತಿರಲಿಲ್ಲ. ನೀರು ಬದಲಿಸಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಆದರೆ ನಾನು ಖಾಲಿ ಇರಲಿಲ್ಲ. ಪಾಚಿಯ ಒಳಗೆ ಮೂರೋ ನಾಲ್ಕೋ ಮರಿಗಳು, ಕಣ್ಣ ರೆಪ್ಪೆಯ ಕೂದಲಿನಷ್ಟು ಸಣ್ಣವು, ಹೇಗೋ ಉಳಿದುಕೊಂಡಿದ್ದವು. ಒಂದು ಬೆಳಗಿನ ಬಿಸಿಲಿನಲ್ಲಿ ಅವು ಹೊರಗೆ ಬಂದಾಗ ಹೇಮಮ್ಮ ನೋಡಿದರು. ಮುಖ ಅರಳಿತು. ಎಡಗೈ ಸೆರಗಿನಿಂದ ಹೊರಗೆ ಬಂದು ಗಾಜಿನವರೆಗೂ ಎದ್ದಿತು. ಬಾಯಿ ತೆರೆಯಿತು. ಅಡುಗೆಮನೆಯಲ್ಲಿ ಟೀಚರ್ ಪಾತ್ರೆ ತಿಕ್ಕುತ್ತಿದ್ದರು. ಹೇಮಮ್ಮ ಆ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡು, ಕೈಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡರು.

ಆ ತಿಂಗಳೇ ಹೇಮಮ್ಮನ ಮಗಳು ಮೇದಿನಿ ವಿಜಯಪುರದಿಂದ ಬಂದಳು. ಅಮ್ಮನಿಗೆ ಮಾತು ಬರುತ್ತಿದೆ ಎಂದು ಫೋನಿನಲ್ಲಿ ಕೇಳಿ ಸಂತೋಷದಿಂದ ಬಂದವಳು, ಮಂಕಾಗಿ ಕೂತ ತಾಯಿಯನ್ನು ಕಂಡು ಕಂಗಾಲಾದಳು. "ಅಮ್ಮ, ನನ್ನ ಜೊತೆ ಬಂದುಬಿಡ್ತೀಯಾ?" ಎಂದಳು. ಹೇಮಮ್ಮ ಅಕ್ಕನತ್ತ ನೋಡಿದರು. ಬಹಳ ಹೊತ್ತೇ ನೋಡಿದರು. ಟೀಚರ್ ಕಿಟಕಿಯ ಸರಳು ಹಿಡಿದು ನಿಂತು, "ಅವಳಿಗೆ ಹೇಗೆ ಬೇಕೋ ಹಾಗೆ" ಎಂದರು. ಹೇಮಮ್ಮ ಮಗಳ ಕಡೆ ತಿರುಗಿ ಹೂಂಗುಟ್ಟಿದರು.

ಕಾರು ಹೋದ ಮೇಲೆ ಟೀಚರ್ ಹಜಾರದ ನಡುವೆ ಸುಮ್ಮನೆ ನಿಂತಿದ್ದರು. ನೆಲದ ಮೇಲೆ ಗಾಲಿಕುರ್ಚಿಯ ಗುರುತಿತ್ತು. ಅದನ್ನು ಒರೆಸಲಿಲ್ಲ.

ಮಳೆಗಾಲ ಶುರುವಾದಾಗ ನನ್ನ ನೀರು ಸರಿಯಾಗಿದೆ ಎಂದು ಫಯಾಜ್ ಹೇಳಿದ. ಟೀಚರ್ ಹೊಸ ಸಿಗಡಿಗಳ ಚೀಲ ತಂದು ಮೇಜಿನ ಮೇಲಿಟ್ಟರು. ತೋರಿಸಲು ಯಾರೂ ಇರಲಿಲ್ಲ. ಮೇದಿನಿಗೆ ಫೋನು ಮಾಡಿ, "ಅಮ್ಮನ ಕಿವಿಗೆ ಹಿಡೀ ಪುಟ್ಟಿ" ಎಂದರು.

"ಹೇಮಾ, ನಾನು ಕಣೆ. ಸಿಗಡಿ ಸಾಯಿಸಿದ್ದು ನೀನಲ್ಲ. ನಾನು. ತಾಮ್ರದ ಕೊಡದ ನೀರು ಹಾಕಿದ್ದೆ. ನನಗೆ ಆಗಲೇ ಗೊತ್ತಾಗಿತ್ತು ಹೇಮಾ, ನೀನು ಇಲ್ಲಿರೋವಾಗಲೇ ಗೊತ್ತಾಗಿತ್ತು. ಹೇಳಲಿಲ್ಲ."

ಟೀಚರ್ ಕಾದರು. ಆಮೇಲೆ ಆ ಕಡೆಯಿಂದ ತಡವರಿಸುವ ಒಂದು ದನಿ: "ಮ... ಮರಿ?"

"ಯಾವ ಮರಿಯೇ?"

ಫೋನು ಹಿಡಿದೇ ಟೀಚರ್ ನನ್ನ ಮುಂದೆ ಬಗ್ಗಿದರು. ಕನ್ನಡಕ ಗಾಜಿಗೆ ತಾಗಿತು. ಪಾಚಿಯ ಸಂದಿಯಿಂದ ಬಲಿತ ಸಿಗಡಿಯೊಂದು ಹೊರಗೆ ಬಂತು, ಅದರ ಹಿಂದೆ ಇನ್ನೊಂದು. "ಇದಾವೆ ಕಣೆ, ಇದಾವೆ" ಎಂದು ಕೂಗಿದ ಟೀಚರ್ ಹಾಗೇ ನಿಂತುಬಿಟ್ಟರು. ಇಷ್ಟು ದೊಡ್ಡವಾಗಿವೆ ಎಂದರೆ, ಹೇಮಾ ಇಲ್ಲಿರುವಾಗಲೇ ಇದ್ದವು. ಹೇಮಾ ನೋಡಿದ್ದಳು. ನೋಡಿಯೂ ಕರೆಯಲಿಲ್ಲ. ಟೀಚರ್ ಮೇಜಿನ ಅಂಚು ಹಿಡಿದುಕೊಂಡು ಕೆಳಗೆ ಕೂತರು.

ಮುಂದಿನ ವಾರವೇ ಅವರು ವಿಜಯಪುರದ ಬಸ್ಸು ಹತ್ತಿದರು, ತಂಗಿಯನ್ನು ಕರೆದುಕೊಂಡೇ ಬರುತ್ತೇನೆ ಎಂದು ಪಕ್ಕದ ಮನೆಯ ಅಂಬುಜಮ್ಮನಿಗೆ ಹೇಳಿ. ಬಂದದ್ದು ಒಬ್ಬರೇ.

"ನನ್ನ ಕೆನ್ನೆ ಸವರಿದಳು ಅಂಬುಜಾ" ಎಂದರು, ಚಪ್ಪಲಿಯನ್ನೂ ಬಿಡದೆ. "ಅಕ್ಕ ಅಂದಳು. ಕೋಪ ಏನೇನೂ ಇಲ್ಲ. ಮನೆಗೆ ಹೋಗೋಣ ಬಾ ಅಂದೆ. ಊಹೂಂ ಅಂದಳು. ಅಲ್ಲಿ ಮೊಮ್ಮಗು ಇದೆ, ಅದರ ಜೊತೆ ಅವಳೂ ಮಾತು ಕಲೀತಿದಾಳೆ. ಅದು ತಪ್ಪಾಡಿದರೆ ಯಾರೂ ಬೈಯಲ್ಲ, ಇವಳು ತಪ್ಪಾಡಿದರೂ ಬೈಯಲ್ಲ. ಅಲ್ಲೇ ಇರ್ಲಿ ಬಿಡು."

ಅದಾಗಿ ಎಷ್ಟೋ ಕಾಲವಾಯಿತು. ನನಗೀಗ ವಯಸ್ಸಾಗಿದೆ. ನೀರಿನ ಮಟ್ಟದಲ್ಲಿ ಬಿಳಿ ಪಟ್ಟೆ ಕಟ್ಟಿದೆ, ಒಂದು ಮೂಲೆಯ ಅಂಟು ಸಡಿಲಗೊಂಡು ಜಿನುಗುತ್ತದೆ. ಟೀಚರ್ ಅದರ ಕೆಳಗೆ ಬಟ್ಟೆ ಮಡಿಸಿಟ್ಟಿದ್ದಾರೆ. ನನ್ನನ್ನು ಬದಲಿಸಲು ಫಯಾಜ್ ಹೇಳುತ್ತಲೇ ಇದ್ದಾನೆ. ಒಳಗೆ ಸಿಗಡಿಗಳು ತುಂಬಿ ತುಳುಕುತ್ತಿವೆ. ಒಂದು ಮನೆಯಲ್ಲಿ ಎಲ್ಲವೂ ಚೆನ್ನಾಗಿದ್ದು, ಅದನ್ನು ನೋಡಬೇಕಾದವರು ಬೇರೆ ಕಡೆ ಚೆನ್ನಾಗಿರುವುದು ಎಂಥ ಸಂಕಟವೆಂದು ನನಗೆ ಇಲ್ಲಿ ತಿಳಿಯಿತು.

ಭಾನುವಾರಗಳಂದು ಟೀಚರ್ ನನ್ನ ಮುಂದೆ ಕುರ್ಚಿ ಎಳೆದುಕೊಂಡು ಫೋನು ಮಾಡುತ್ತಾರೆ. ಯಾವುದು ಚಿಪ್ಪು ಕಳಚಿತು, ಯಾವುದಕ್ಕೆ ಮೊಟ್ಟೆ ಬಂತು, ಎಲ್ಲವನ್ನೂ ಮೆಲುದನಿಯಲ್ಲಿ ಹೇಳುತ್ತಾರೆ. ಆ ಕಡೆಯಿಂದ ಒಂದೆರಡು ಮಾತು ಬರುತ್ತವೆ, ಹಿನ್ನೆಲೆಯಲ್ಲಿ ಮಗುವಿನ ನಗು. ಆಮೇಲೆ ಮೇದಿನಿ, "ಅಮ್ಮಂಗೆ ಊಟದ ಹೊತ್ತಾಯ್ತು ದೊಡ್ಡಮ್ಮ, ಇಡ್ತೀನಿ" ಎನ್ನುತ್ತಾಳೆ. ಕರೆ ಮುಗಿದು ಎಷ್ಟೋ ಹೊತ್ತಾದರೂ ಟೀಚರ್ ಫೋನನ್ನು ಕಿವಿಯಿಂದ ತೆಗೆಯುವುದಿಲ್ಲ.